ಬಸ್ಸು ಹೊರಳುವ ಜಾಗ

ಸಂಜೆಯಾದರೆ ನನ್ನ ಕಿವಿ ನನ್ನ ಮಾತು ಕೇಳುವುದಿಲ್ಲ. ನಾನು ಹೊಲಿಗೆ ಯಂತ್ರದ ಮುಂದೆ ಕುಳಿತಿರಲಿ, ಒಲೆಯ ಮುಂದೆ ಕುಳಿತಿರಲಿ, ಅದು ಮಾತ್ರ ಊರ ಹೊರಗಿನ ಏರಿಗೆ ಹೋಗಿ ನಿಂತುಬಿಡುತ್ತದೆ. ಜತ್ತದಿಂದ ಬರುವ ಬಸ್ಸು ಆ ಏರು ಹತ್ತುವಾಗ ಗೇರು ಬದಲಿಸುತ್ತದೆ. ಆ ಸದ್ದು ಕೇಳುವವರೆಗೆ ನಾನು ಕತ್ತರಿ ಮುಟ್ಟುವುದಿಲ್ಲ. ಒಮ್ಮೆ ಹೆದರಿಕೆಯಲ್ಲಿ ಗಿರಾಕಿಯೊಬ್ಬಳ ಕುಪ್ಪಸದ ತೋಳನ್ನು ಅಡ್ಡಾದಿಡ್ಡಿ ಕತ್ತರಿಸಿ ಬೈಸಿಕೊಂಡಿದ್ದೇನೆ. "ಬಂತೇನು?" ಎಂದು ಒಳಗಿನಿಂದ ನಮ್ಮವರು ಕೇಳುತ್ತಾರೆ. "ಬರ್ತದ ಬಿಡ್ರಿ, ಬರದ ಎಲ್ಲಿ ಹೊಕ್ಕದ," ಎನ್ನುತ್ತೇನೆ. ಬಾಯಿ ಹಾಗೆ ಹೇಳುತ್ತದೆ, ಕಿವಿ ಮಾತ್ರ ಏರಿನಲ್ಲೇ ಇರುತ್ತದೆ.

ಇದಕ್ಕೆ ಮಹಾರಾಷ್ಟ್ರಕ್ಕೆ ಸೇರಿದ ನಮ್ಮ ಈ ಗಡಿಯ ಕಡೆ ಮುಕ್ಕಾಮ ಗಾಡಿ ಎನ್ನುತ್ತಾರೆ. ಸಂಜೆ ಜತ್ತದ ಡೆಪೋದಿಂದ ಹೊರಟು, ಮುಚ್ಚಂಡಿ ದಾಟಿ, ಉಟಗಿ ಕಡೆಯ ಹಳ್ಳಿಗಳನ್ನು ಒಂದೊಂದಾಗಿ ಮುಟ್ಟಿ, ಕೊನೆಗೆ ನಮ್ಮೂರಿಗೆ ಬಂದು ರಾತ್ರಿ ಇಲ್ಲಿಯೇ ನಿಲ್ಲುತ್ತದೆ. ಡ್ರೈವರ್, ಕಂಡಕ್ಟರ್ ಇಬ್ಬರೂ ಇಲ್ಲೇ ಮಲಗಿ, ನಸುಕಿನಲ್ಲಿ ಮತ್ತೆ ಜತ್ತಕ್ಕೆ ಹೊರಡುತ್ತಾರೆ. ಅವರಿಗೆ ಊಟ ಹಾಕುವುದು ಊರಿನ ಪಾಳಿ. ಇಂದು ಕುರುಬರ ಮನೆ, ನಾಳೆ ಬಳೆಗಾರ ಚಾಚಾನ ಮನೆ, ನಾಡಿದ್ದು ನಮ್ಮದು. ನಾನು ಈ ಊರಿಗೆ ಸೊಸೆಯಾಗಿ ಬರುವ ಮೊದಲೇ ಈ ರೂಢಿ ಇತ್ತು. ರೊಟ್ಟಿ, ಪುಂಡಿಪಲ್ಯೆ, ಇದ್ದವರ ಮನೆಯಲ್ಲಿ ಅದರ ಮೇಲೊಂದು ತತ್ತಿ. ನಮ್ಮೂರು ಬಸ್ಸನ್ನು ಹಿಡಿದಿಟ್ಟುಕೊಂಡದ್ದು ಹೀಗೆ, ಹೊಟ್ಟೆಯ ದಾರಿಯಿಂದ.

ಆ ನಸುಕಿನ ಬಸ್ಸಿನ ಮೇಲೆ ನನ್ನ ಗಂಡನ ಜೀವ ನಿಂತಿದೆ. ಮಾತು ದೊಡ್ಡದು ಮಾಡಿ ಹೇಳುತ್ತಿಲ್ಲ, ಇದ್ದದ್ದೇ ಹೀಗೆ. ಇಬ್ಬರೂ ಹೊಲಿಗೆಯವರು, ಒಂದೇ ಕೋಣೆಯಲ್ಲಿ ಎರಡು ಯಂತ್ರ ಇಟ್ಟುಕೊಂಡು ಊರಿನ ಅರ್ಧ ಮೈ ಮುಚ್ಚಿದವರು. ಅವರ ಎರಡೂ ಮೂತ್ರಪಿಂಡ ಕೈಕೊಟ್ಟ ಮೇಲೆ ಒಂದು ಯಂತ್ರಕ್ಕೆ ಬಟ್ಟೆ ಹೊದಿಸಿದೆವು. ವಾರಕ್ಕೆ ಮೂರು ಸಲ ಜತ್ತದ ಆಸ್ಪತ್ರೆಯಲ್ಲಿ ಅವರ ರಕ್ತವನ್ನು ಯಂತ್ರಕ್ಕೆ ಹಾಯಿಸಿ ತೊಳೆಯಬೇಕು. ಬೆಳಗಿನ ಪಾಳಿಯಲ್ಲಿ ಅವರದೊಂದು ಹಾಸಿಗೆ. ಹೊತ್ತಿಗೆ ಮುಟ್ಟದಿದ್ದರೆ ಕಾದು ನಿಂತ ಇನ್ನೊಬ್ಬರಿಗೆ ಆ ಹಾಸಿಗೆ ಹೋಗುತ್ತದೆ, ಮಧ್ಯಾಹ್ನದ ಪಾಳಿಯಂತೂ ಯಾವಾಗಲೂ ತುಂಬಿರುತ್ತದೆ. ವಡಾಪ್ ಎಂಬ ಖಾಸಗಿ ಬಾಡಿಗೆ ಜೀಪುಗಳಿವೆ, ಆದರೆ ಅವು ಮಂದಿ ತುಂಬಿದ ಮೇಲೆ ಹೊರಡುವವು, ಮಂದಿ ತುಂಬುವುದು ಬಿಸಿಲು ಏರಿದ ಮೇಲೆ.

ಅವರ ಎಡಗೈಯಲ್ಲಿ ಎರಡು ರಕ್ತನಾಳ ಕೂಡಿಸಿ ಸೂಜಿಗೆ ದಾರಿ ಮಾಡಿದ್ದಾರೆ. ಅದರ ಮೇಲೆ ಬೆರಳಿಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ಸಣ್ಣಗೆ ನಡುಗುತ್ತದೆ. ಆ ನಡುಕ ನಿಂತರೆ ದಾರಿ ಮುಚ್ಚಿತು ಎಂದು ಅರ್ಥ, ಆ ಕೈಯಿಂದ ಭಾರ ಎತ್ತಕೂಡದು, ಎಂದು ಆಸ್ಪತ್ರೆಯ ಸಿಸ್ಟರಬಾಯಿ ಮೊದಲ ದಿನವೇ ಹೇಳಿದ್ದರು. ಬೆಳಿಗ್ಗೆ ಎದ್ದ ಕೂಡಲೇ ನಾನು ದೇವರ ಮುಖ ನೋಡುವುದಿಲ್ಲ, ಅವರ ಕೈ ಮುಟ್ಟಿ ನೋಡುತ್ತೇನೆ. ಮುಟ್ಟುವ ಮೊದಲು ಒಂದು ಗಳಿಗೆ ನನ್ನ ಕೈ ತಡೆಯುತ್ತದೆ. ಆ ಗಳಿಗೆಯ ಹೆದರಿಕೆ ಇಷ್ಟು ವರ್ಷವಾದರೂ ರೂಢಿಯಾಗಿಲ್ಲ.

ಹೀಗಿದ್ದಾಗ ಊರಿಗೆ ಸರಕಾರದ ನಿಧಿ ಬಂತು.

ಜೀಪಿನಲ್ಲಿ ಇಂಜಿನಿಯರ್ ಸಾಹೇಬರು ಬಂದರು. ಹಳ್ಳಿಹಳ್ಳಿಗೂ ಬಸ್ಸಿನ ಸವಲತ್ತು ಹೆಚ್ಚಿಸಲಿಕ್ಕೆ ಸರಕಾರ ಬಂಡವಾಳ ಹಾಕುತ್ತಿದೆ. ಶಹರಗಳಿಗೆ ಹೊಸ ಬಸ್ಸು, ದೊಡ್ಡ ಸ್ಟ್ಯಾಂಡು. ನಿಮ್ಮಂಥ ಊರಿಗೆ ಒಂದು ಪಕ್ಕಾ ತಂಗುದಾಣ, ಎಂದು ಗ್ರಾಮಸಭೆಯಲ್ಲಿ ಮರಾಠಿಯಲ್ಲಿ ತಿಳಿಸಿ ಹೇಳಿದರು. ಮಾರ್ಚ್ ಮುಗಿಯುವುದರೊಳಗೆ ಕಟ್ಟಬೇಕು, ಇಲ್ಲದಿದ್ದರೆ ನಿಧಿ ಹೊಳ್ಳಿ ಹೋಗುತ್ತದೆ. ನಾನು ಹೆಂಗಸರ ಸಾಲಿನಿಂದ ಎದ್ದು ನಿಂತೆ. ನನ್ನ ಬಾಯಿ ಸ್ವಲ್ಪ ಮುಂದು ಎಂಬುದು ಊರಿಗೆಲ್ಲ ಗೊತ್ತು.

"ಸಾಹೇಬ್ರ, ಆ ರೊಕ್ಕದಾಗ ಮುಂಜಾನಿ ಇನ್ನೊಂದು ಬಸ್ ಬಿಡಾಕ ಬರಂಗಿಲ್ಲೇನ್ರಿ?"

"ಹಂಗ ಬರೂದಿಲ್ಲ, ತಾಯಿ. ಕಟ್ಟೂ ಪೈಸಾ ಬ್ಯಾರೆ, ಓಡಸೂ ಪೈಸಾ ಬ್ಯಾರೆ," ಎಂದರು ಅವರು, ಅರ್ಧ ಕನ್ನಡದಲ್ಲಿ.

"ಅಂದ್ರ ಗ್ವಾದಲಿ ಕಟ್ಟಾಕ ರೊಕ್ಕ ಅದ, ಎತ್ತಿಗೆ ಮೇವಿಲ್ಲ," ಎಂದೆ. ಹೆಂಗಸರೆಲ್ಲ ನಕ್ಕರು. ಸಾಹೇಬರೂ ನಕ್ಕರು.

ನಮ್ಮ ಭಾವ ನಗಲಿಲ್ಲ. ಭಾವ ಎಂದರೆ ನಮ್ಮವರ ದೊಡ್ಡಪ್ಪನ ಮಗ, ಪಂಚಾಯತಿ ಮೆಂಬರು, ಊರಲ್ಲಿ ಮಾತು ನಡೆಯುವ ಮನುಷ್ಯ. ಅವರು ಎದ್ದು ನಮ್ಮವರ ಭುಜದ ಮೇಲೆ ಕೈಯಿಟ್ಟು ಹೇಳಿದರು: "ಈ ನನ್ನ ತಮ್ಮನ್ನ ನೋಡ್ರಿ ಸಾಹೇಬ್ರ. ವಾರದಾಗ ಮೂರು ದಿನ ಬಸ್ಸಿನ ಹಾದಿ ಕಾಯ್ಕೋತ ಕಲ್ಲಿನ ಮ್ಯಾಲ ಕುಂದರತಾನ. ಥಂಡಿ ಇರ್ಲಿ, ಮಳಿ ಇರ್ಲಿ. ಇಂಥವ್ರ ಸಲುವಾಗಿ ಶೆಡ್ ಬೇಕ್ರಿ."

ಸಭೆಯೆಲ್ಲ ಹೌದು ಹೌದು ಎಂದಿತು. ನಮ್ಮವರು ತಲೆ ಎತ್ತಿ ಕುಳಿತರು. ಜಡ್ಡು ಬಂದ ಮೇಲೆ ಅವರು ಊರಿಗೆ ಬೇಡವಾದ ಮನುಷ್ಯನ ಹಾಗೆ ಆಗಿದ್ದರು. ಯಾರೂ ಏನನ್ನೂ ಕೇಳುತ್ತಿರಲಿಲ್ಲ, ಹೇಗಿದ್ದೀ ಎಂಬುದೊಂದನ್ನು ಬಿಟ್ಟು. ಈಗ ಇಡೀ ಊರು ಅವರ ಹೆಸರಿನ ಮೇಲೆ ಒಂದು ಕಟ್ಟಡ ಬೇಡುತ್ತಿತ್ತು. "ಕುಂಡರಾಕ ಒಂದು ಜಾಗ ಆದ್ರ ಚಲೋ ಆಗ್ತದ್ರಿ," ಎಂದರು ಅವರು, ಮೆಲ್ಲಗೆ. ಅವರ ಮುಖದಲ್ಲಿ ಅಂಥ ಕಳೆ ನೋಡಿ ಬಹಳ ದಿನವಾಗಿತ್ತು. ನಾನು ಕುಳಿತುಬಿಟ್ಟೆ.

ಇನ್ನು ಜಾಗ. ಊರ ಮುಂದಿನ ಎತ್ತರದ ಜಾಗ ಕುರುಬರ ಕುರಿದೊಡ್ಡಿಯದು. "ಅಪ್ಪನ ಕಾಲದಿಂದ ಕುರಿ ಕುಂದ್ರೂ ನೆಲ, ಹ್ಯಾಂಗ ಕೊಡ್ಲಿ," ಎಂದ ಕುರುಬರ ಹಿರಿಯ. ಅದರಾಚೆ ದರ್ಗಾದ ಬಯಲು. ಅಲ್ಲಿ ಉರುಸಿನ ಅಡುಗೆ ಒಲೆ ಹೂಡುತ್ತಾರೆ ಎಂದ ಬಳೆಗಾರ ಚಾಚಾ. ಗುಡಿಯ ಅಂಗಳವೋ, ಅದನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ. ಎಲ್ಲರ ಮಾತೂ ನ್ಯಾಯವೇ. ಕೊನೆಗೆ ಯಾರಿಗೂ ಸೇರದ ನೆಲ ಊರಲ್ಲಿ ಒಂದೇ ಇತ್ತು, ಬೇವಿನ ಮರದ ಕೆಳಗಿನ ಬಯಲು, ಬಸ್ಸು ಬಂದು ನಿಲ್ಲುವಲ್ಲಿ. ಸರಕಾರಿ ಜಾಗ, ಯಾರ ತಕರಾರೂ ಇಲ್ಲ ಎಂದು ಎಲ್ಲರೂ ಸಮಾಧಾನದಿಂದ ಎದ್ದರು. ಭೂಮಿಪೂಜೆಗೆ ತೆಂಗಿನಕಾಯಿ ಒಡೆಯಲು ನಮ್ಮವರನ್ನೇ ಕರೆದರು. ಬಲಗೈಯಿಂದ ಒಡೆಯಿರಿ ಎಂದು ನಾನು ಹಿಂದಿನಿಂದ ಮೂರು ಸಲ ಹೇಳಿದೆ.

ಸುಣ್ಣದ ಪುಡಿಯಿಂದ ಗೆರೆ ಎಳೆದ ದಿನ ಊಟದ ಪಾಳಿ ನಮ್ಮದಿತ್ತು. ಡ್ರೈವರು ಎರಡನೇ ರೊಟ್ಟಿ ಮುರಿದು ಬಾಯಿಗಿಡದೆ ತಾಟಿನ ಅಂಚಿಗಿಟ್ಟ. ಒಳ್ಳೆಯ ಮನುಷ್ಯ, ಮಾತು ಕಡಿಮೆ.

"ಯಾಕ ಅಣ್ಣಾರ, ಪಲ್ಯೆ ಖಾರ ಆತೇನು?"

"ಪಲ್ಯೆ ಚಲೋ ಅದ ವೈನಿ. ಆ ಸುಣ್ಣದ ಗೆರಿ ನೋಡಿ ಬಂದೆ. ಬೇವಿನ ಗಿಡದ ಬಾಜೂಕ ಹೊಡದಾರಲ್ಲ, ಅಲ್ಲೇ ನಾ ಗಾಡಿ ಹೊಳ್ಳಸೂದು. ಅಲ್ಲಿ ಶೆಡ್ಡಿನ ಮೂಲಿ ಬಂದ್ರ ಗಾಡಿ ಹೊಳ್ಳಂಗಿಲ್ಲ."

"ಮತ್ತೇನ್ ಮಾಡ್ತೀರಿ?"

"ಹಿಂದಕ್ಕ ಹಿಂದಕ್ಕ ತಗೊಂಡ ಹೋಗಬೇಕು, ಫಾಟಾತನ. ನಸುಕಿನ್ಯಾಗ, ಕುರಿ ಮಂದಿ ನಡುವ. ಎಷ್ಟು ದಿವ್ಸ ಮಾಡಾಕ ಆದೀತು?"

ಫಾಟಾ ಎಂದರೆ ದೊಡ್ಡ ರಸ್ತೆಗೆ ನಮ್ಮೂರ ದಾರಿ ಕೂಡುವಲ್ಲಿ. ಏರು ಇಳಿದು, ಹಳ್ಳ ದಾಟಿ, ಚೆನ್ನಾಗಿರುವವರು ನಡೆದರೂ ಬೆವರು ಬರುವ ದೂರ. ನಾನು ಮಜ್ಜಿಗೆಯ ತಂಬಿಗೆ ಕೆಳಗಿಟ್ಟೆ. ನಮ್ಮವರ ಕಡೆ ನೋಡಿದೆ. ಅವರು ಗೋಡೆಗೆ ಒರಗಿ ಕುಳಿತು ಕೇಳಿಸಿಕೊಳ್ಳದವರ ಹಾಗೆ ನಿಂಬೆಯ ಹೋಳು ಚೀಪುತ್ತಿದ್ದರು. ಅವರಿಗೆ ನೀರು ಅಳತೆಯದು, ಬಾಯಾರಿದರೆ ನಿಂಬೆಯೇ ಗತಿ.

ಮರುದಿನ ಭಾವನ ಮನೆಗೆ ಹೋದೆ. ಅವರು ನಕ್ಕರು. "ಯವ್ವಾ, ಡ್ರೈವರ್‌ಗೆ ಗಾಡಿ ಹೊಳ್ಳಸಾಕ ಬರಂಗಿಲ್ಲಂದ್ರ ಶೆಡ್ಡಿನ ತಪ್ಪೇನು? ಮಾರ್ಚ್ ಬಂತು. ಈಗ ಜಾಗ ಬದಲ ಮಾಡು ಅಂದ್ರ ನಿಧಿ ಬಾಜೂ ಊರು ಅಸಂಗಿ ಕಡೆ ಹಾರಿ ಹೊಕ್ಕದ."

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರಿಗೆ ಸಿಟ್ಟು ಬಂತು. "ಊರ ಮಂದಿ ನನ್ನ ಸಲುವಾಗಿ ಮಾಡ್ಲಾಕತ್ತಾರ. ನೀ ಅದಕ್ಕೂ ಕಲ್ಲ ಹಾಕಬ್ಯಾಡ," ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. ಊರಿಗೆಲ್ಲ ಎದುರು ಮಾತಾಡುವ ನಾನು ಅವರ ಹೊದಿಕೆ ಸರಿಮಾಡಿ ಎದ್ದೆ. ಜಡ್ಡಿನ ಮನುಷ್ಯನ ಒಂದು ಸಂತೋಷವನ್ನು ಕಿತ್ತುಕೊಳ್ಳಲು ಯಾವ ಹೆಂಡತಿಗೆ ಮನಸ್ಸಾದೀತು?

ಶೆಡ್ ಚೆನ್ನಾಗಿಯೇ ಆಯಿತು. ಸುಳ್ಳು ಯಾಕೆ ಹೇಳಲಿ, ತಗಡಿನ ನೀಲಿ ಮಾಡು, ನುಣ್ಣನೆಯ ಫರಸಿಕಲ್ಲು ಹಾಸಿದ ಕಟ್ಟೆ, ಮುಂದೆ ಎತ್ತರಿಸಿದ ಕಾಂಕ್ರೀಟಿನ ಅಂಚು. ಉದ್ಘಾಟನೆಯ ದಿನ ಮೊದಲು ನಮ್ಮವರನ್ನು ಕೂರಿಸಿ ಫೋಟೋ ತೆಗೆದರು. ಅಂದು ಸಂಜೆ ಬಸ್ಸು ಬಂದು ಒಳಗೆ ಮೂತಿ ಹಾಕಿತು, ಹೊರಳಲು ಹೋಯಿತು, ಕಟ್ಟೆಯ ಮೂಲೆಗೆ ಬಂದು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು, ಮತ್ತೆ ಅದೇ ಮೂಲೆ. ಡ್ರೈವರು ಇಳಿದು ಆ ಮೂಲೆಯ ಮೇಲೆ ಕೈಯಿಟ್ಟು ನಿಂತ. ಹಾರ ಹಿಡಿದುಕೊಂಡು ನಿಂತಿದ್ದ ಮಂದಿ ಮೆಲ್ಲಗೆ ಚದುರಿದರು.

ಆಮೇಲೆ ಒಂದಿಷ್ಟು ದಿನ ಅವನು ಬಸ್ಸನ್ನು ಹಿಂದಕ್ಕೆ ಓಡಿಸಿಕೊಂಡೇ ಊರ ಹೊರಗೆ ಹೋದ. ನಸುಕಿನ ಮಬ್ಬಿನಲ್ಲಿ ಕಂಡಕ್ಟರು ಹಿಂದೆ ನಿಂತು ಸೀಟಿ ಊದುತ್ತಿದ್ದ. ನಾವಿಬ್ಬರೂ ಒಳಗೆ ಕುಳಿತು ಕೈ ಹಿಡಿದುಕೊಳ್ಳುತ್ತಿದ್ದೆವು, ಮದುವೆಯಾದ ಹೊಸದರಲ್ಲಿ ಕೂಡ ಮಂದಿಯೆದುರು ಹಾಗೆ ಹಿಡಿದವರಲ್ಲ. ಒಂದು ನಸುಕಿನಲ್ಲಿ ಹಿಂದೆ ಏನೋ ಮೆತ್ತಗೆ ಸಿಕ್ಕ ಹಾಗಾಯಿತು. ಬಸ್ಸು ನಿಂತಿತು. ಕಂಡಕ್ಟರು ಬಗ್ಗಿ ನೋಡಿದ. ಕುರಿಮರಿ. ಗಾಲಿಯ ಕೆಳಗೆ ಒಂದು ಬಿಳಿ ಮರಿ. ಅದರ ಹಿಂದೆಯೇ, ಒಂದು ಮಾರು ದೂರದಲ್ಲಿ, ಕುರುಬರ ಮನೆಯ ಮುದುಕಿ ಕೋಲು ಹಿಡಿದು ನಿಂತಿದ್ದಳು. ಡ್ರೈವರು ಸ್ಟಿಯರಿಂಗಿನ ಮೇಲೆ ತಲೆಯಿಟ್ಟುಬಿಟ್ಟ.

"ಇವತ್ತ ಮರಿ, ನಾಳೆ ಮನಷ್ಯಾರು," ಎಂದು ಜತ್ತದವರೆಗೂ ಅದನ್ನೇ ಅಂದುಕೊಳ್ಳುತ್ತಿದ್ದ. "ವೈನಿ, ನನಗ ಬೈಬ್ಯಾಡ್ರಿ. ನಾ ಇವತ್ತ ಡೆಪೋ ಸಾಹೇಬ್ರಿಗೆ ಹೇಳ್ತೀನಿ."

ಆ ವಾರವೇ ಮುಕ್ಕಾಮ ಬಂದ್ ಆಯಿತು. ಬಸ್ಸು ನಮ್ಮ ಫಾಟಾದಲ್ಲಿಯೇ ಮಂದಿ ಇಳಿಸಿ ಮುಂದಿನ ಊರಿಗೆ ಹೋಗಿ ಮಲಗತೊಡಗಿತು.

ನಾನು ಡೆಪೋಕ್ಕೆ ಹೋದೆ. ಅಲ್ಲಿನ ಸಾಹೇಬರು ಕುರ್ಚಿ ಹಾಕಿಸಿ ಕೂರಿಸಿದರು, ಚಹಾ ತರಿಸಿದರು. "ಗಾಡಿ ಕೊಡಾಕ ನಾವ್ ತಯಾರ ಅದೀವಿ ಬಾಯಿ. ಹೊಳ್ಳಸಾಕ ಜಾಗ ತೋರಸ್ರಿ, ಇವತ್ತ ಸಂಜಿಗಿ ಕಳಸ್ತೀನಿ," ಎಂದರು. ಕಟ್ಟಿಸಿದ ಇಂಜಿನಿಯರ್ ಸಾಹೇಬರನ್ನು ಹುಡುಕಿಕೊಂಡು ಹೋದೆ. ಆ ಮೂಲೆಯೊಂದನ್ನು ತೆಗೆಸಿಕೊಡಿ ಎಂದು ಕೈಮುಗಿದೆ. ಅವರು ತಲೆ ತುರಿಸಿಕೊಂಡರು. ಈ ಬಂಡವಾಳದಿಂದ ಕಟ್ಟಿದ್ದನ್ನು ಇಂತಿಷ್ಟು ವರ್ಷ ಕೆಡವುವಂತಿಲ್ಲ, ತಪಾಸಣೆಯಾಗುತ್ತದೆ, ಕೈ ಹಚ್ಚಿದವರ ಮೇಲೆ ಗುನ್ಹೆ ದಾಖಲಾಗುತ್ತದೆ ಎಂದರು. ಇಬ್ಬರ ಮೇಲೂ ಸಿಟ್ಟು ಮಾಡಲು ಬರುವಂತಿರಲಿಲ್ಲ. ಒಬ್ಬರು ಕಟ್ಟುವವರು, ಒಬ್ಬರು ಓಡಿಸುವವರು. ನಡುವೆ ನನ್ನ ಗಂಡ. ತಿರುಗಿ ಬರುವಾಗ ಜೀಪಿನಲ್ಲಿ ಅಳು ಬಂತು, ಪಕ್ಕದಲ್ಲಿದ್ದವಳು ಯಾರಾದರೂ ಸತ್ತರೇನು ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ.

ಗುನ್ಹೆ ಎಂಬ ಮಾತಿಗೆ ಊರೆಲ್ಲ ಹೆದರಿತು. ನಾನೂ ಹೆದರಿದೆ. ನನ್ನನ್ನು ಠಾಣೆಯಲ್ಲಿ ಕೂರಿಸಿದರೆ ಅವರನ್ನು ಆಸ್ಪತ್ರೆಗೆ ಒಯ್ಯುವವರು ಯಾರು? ಆ ಮೂಲೆಯ ಮುಂದೆ ಹಾದುಹೋಗುವಾಗಲೆಲ್ಲ ಹಲ್ಲು ಕಡಿಯುತ್ತಿದ್ದೆ, ಅಷ್ಟೇ. ಆಸ್ಪತ್ರೆಯ ದಿನ ನಸುಕಿನಲ್ಲಿ ಬಳೆಗಾರ ಚಾಚಾನ ಮಗ ತನ್ನ ಮೋಟರ್‌ಸೈಕಲ್ಲಿನಲ್ಲಿ ಅವರನ್ನು ನಡುವೆ ಕೂರಿಸಿ, ಹಿಂದೆ ನನ್ನನ್ನು ಕೂರಿಸಿ ಫಾಟಾಕ್ಕೆ ಬಿಡುತ್ತಿದ್ದ. ಹಳ್ಳದ ಕಲ್ಲುಗಳ ಮೇಲೆ ಗಾಡಿ ಕುಣಿದಾಗ ಅವರ ತಲೆ ನನ್ನ ಎದೆಗೆ ಬಡಿಯುತ್ತಿತ್ತು. ಎಲ್ಲಿ ಎಚ್ಚರ ತಪ್ಪಿ ಜಾರುತ್ತಾರೋ ಎಂದು ನನ್ನ ಸೆರಗಿನಿಂದ ಅವರನ್ನು ನನ್ನ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದೆ.

ಒಂದು ದಿನ ಆ ಮೋಟರ್‌ಸೈಕಲ್ಲು ಚಾಲೂ ಆಗಲಿಲ್ಲ. ಒದ್ದರು, ತಳ್ಳಿದರು, ಆಗಲಿಲ್ಲ. ಫಾಟಾದ ಕಡೆ ಬಸ್ಸು ಹಾರ್ನ್ ಹೊಡೆದು ಹೋದದ್ದು ಕೇಳಿಸಿತು. ಮೊದಲ ಜೀಪು ಹೊರಡುವಾಗ ಬಿಸಿಲು ಏರಿತ್ತು. ಆಸ್ಪತ್ರೆಗೆ ಮುಟ್ಟಿದಾಗ ಅವರ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು, ಪಾಪ, ಅವರದೂ ಜೀವವೇ. ನಾಳೆ ಬನ್ನಿ, ಹೇಗಾದರೂ ಮಾಡೋಣ ಎಂದರು ಸಿಸ್ಟರಬಾಯಿ.

ಮರುದಿನ ಬೆಳಗಾಯಿತು. ಅವರ ಕಾಲು ಬಾತು ಬೆರಳು ಒತ್ತಿದರೆ ಕುಳಿ ಬೀಳುತ್ತಿತ್ತು. ಮಲಗಲು ಆಗದೆ ಮಂಡಿಯ ಮೇಲೆ ದಿಂಬು ಇಟ್ಟುಕೊಂಡು ಬಾಗಿ ಕುಳಿತಿದ್ದರು. ಉಸಿರು ಒಳಗೆ ಹೋಗುವಾಗ ಹುಕ್ಕದ ನೀರಿನ ಹಾಗೆ ಗುಳುಗುಳು ಸದ್ದು. ಮಾತಾಡಲು ಹೋಗಿ ಅರ್ಧಕ್ಕೇ ಬಿಡುತ್ತಿದ್ದರು. ಕಣ್ಣು ಮಾತ್ರ ನನ್ನ ಮೇಲೆ. ಇಪ್ಪತ್ತು ವರ್ಷ ಪಕ್ಕದಲ್ಲಿ ಕುಳಿತು ಹೊಲಿದ ಮನುಷ್ಯನ ಕಣ್ಣಲ್ಲಿ ನಾನು ಆ ಹೆದರಿಕೆ ಎಂದೂ ನೋಡಿರಲಿಲ್ಲ. ಓಣಿಯವರು ಹಾಲಿನ ಟೆಂಪೋ ನಿಲ್ಲಿಸಿ ಕ್ಯಾನುಗಳ ನಡುವೆ ಅವರನ್ನು ಕೂರಿಸಿದರು. ಮುಚ್ಚಂಡಿ ಬರುವಷ್ಟರಲ್ಲಿ ತುಟಿ ಕಪ್ಪಾಗಿತ್ತು. "ಮುಚ್ಚಂಡಿ ಬಂತ್ರೀ, ಇನ್ನೇನು ಬಂದೇ ಬಿಡ್ತು," ಎಂದು ನಾನು ಕಿವಿಯಲ್ಲಿ ಅನ್ನುತ್ತಲೇ ಇದ್ದೆ. ಅವರಿಗೆ ಕೇಳಿಸುತ್ತಿತ್ತೋ ಇಲ್ಲವೋ ಗೊತ್ತಿಲ್ಲ.

ಬದುಕಿದರು. ಸಂಜೆಗೆ ಉಸಿರು ಸರಿಯಾದ ಮೇಲೆ ಸಿಸ್ಟರಬಾಯಿ ನನ್ನನ್ನು ಹೊರಗೆ ಕರೆದು, "ಇನ್ನೊಮ್ಮೆ ಹಿಂಗಾದ್ರ ನನ್ನ ಕೈಯಾಗ ಏನೂ ಇರಂಗಿಲ್ಲ, ತಿಳೀತೇನು?" ಎಂದರು. ನಾನು ಬಾಗಿಲು ಎಳೆದುಕೊಂಡಿದ್ದೆ ಎಂದುಕೊಂಡಿದ್ದೆ. ಎಳೆದಿರಲಿಲ್ಲ. ಒಳಗೆ ಅವರಿಗೆ ಕೇಳಿಸಿತ್ತು.

ಆ ರಾತ್ರಿ ಮನೆಗೆ ಬಂದೆವು. ಮರುದಿನ ಬೆಳಿಗ್ಗೆ ನಾನು ನೀರು ತುಂಬಿಕೊಂಡು ಬಂದಾಗ ಮನೆಯಲ್ಲಿ ಅವರಿರಲಿಲ್ಲ. ಮೂಲೆಯಲ್ಲಿದ್ದ ಕಲ್ಲು ಮೀಟುವ ಹಾರಿಯೂ ಇರಲಿಲ್ಲ. ಕೊಡ ಹೊಸ್ತಿಲಲ್ಲೇ ಬಿಟ್ಟು ಓಡಿದೆ.

ಶೆಡ್ಡಿನ ಮುಂದೆ ನಿಂತು ಅವರು ಆ ಮೂಲೆಗೆ ಹಾರಿ ಹಾಕುತ್ತಿದ್ದರು. ಹಾಕುತ್ತಿದ್ದರು ಎನ್ನಲು ಆಗದು. ಎತ್ತುತ್ತಿದ್ದರು, ಅದು ತನ್ನ ಭಾರಕ್ಕೆ ತಾನೇ ಬೀಳುತ್ತಿತ್ತು. ಕಾಂಕ್ರೀಟಿನ ಮೇಲೆ ಉಗುರಿನಷ್ಟು ಗುರುತು. ಎರಡೂ ಕೈಯಿಂದ ಎತ್ತುತ್ತಿದ್ದರು, ಎಡಗೈಯಿಂದಲೂ. ಸುತ್ತ ಮಂದಿ ದೂರದಲ್ಲಿ ನಿಂತು ನೋಡುತ್ತಿದ್ದರು. ಭಾವ ಧೋತರದ ಚುಂಗು ಹಿಡಿದು ಓಡಿ ಬಂದರು.

"ಹುಚ್ಚ ಹಿಡದದೇನು ನಿನಗ? ಸರಕಾರಿ ಮಾಲು ಅದು. ಕೇಸ್ ಆಗ್ತದ."

ನಮ್ಮವರು ಹಾರಿ ಊರಿ ಅದಕ್ಕೆ ಒರಗಿ ಉಸಿರು ತಗೊಂಡರು. "ಹಾಕ್ಲಿ ಬಿಡಣ್ಣಾ, ನನ್ನ ಮ್ಯಾಲ ಹಾಕ್ಲಿ. ಕೋರ್ಟಿನ ತಾರೀಕಿಗೆ ಹೋಗಾಕರೆ ಒಂದ್ ಬಸ್ ಬೇಕಲ್ಲ."

ಅವರು ಮತ್ತೆ ಹಾರಿ ಎತ್ತಲು ಹೋದರು. ನಾನು ಅವರ ಎಡಗೈ ಹಿಡಿದೆ. ತೋಳಿನ ಮೇಲೆ ಬೆರಳಿಟ್ಟೆ. ಏನೂ ಇಲ್ಲ. ಬೆರಳು ಸರಿಸಿ ಇನ್ನೊಮ್ಮೆ ಒತ್ತಿದೆ. ಇತ್ತು. ಸಣ್ಣಗೆ, ಆದರೆ ಇತ್ತು.

"ಕೊಡ್ರಿ ಇಲ್ಲೆ," ಎಂದು ಹಾರಿ ಕಸಿದುಕೊಂಡೆ. "ಅಲ್ಲಿ ಕುಂದ್ರಿ. ನಿಮ್ಮ ಸಲುವಾಗಿ ಕಟ್ಟ್ಯಾರಲ್ಲ, ಕುಂದ್ರಿ."

ಅವರು ಆ ನುಣ್ಣನೆಯ ಕಟ್ಟೆಯ ಮೇಲೆ ಕುಳಿತರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಡೆಯತೊಡಗಿದೆ. ಹೊಲಿಗೆಯ ಕೈ, ಹಾರಿಯ ರೂಢಿಯಿಲ್ಲ. ಅಂಗೈ ಸುಲಿಯಿತು. ಹೆದರಿಕೆ ಹೋಗಿತ್ತೇ ಎಂದು ಯಾರಾದರೂ ಕೇಳಿದರೆ ಇಲ್ಲ. ಪ್ರತಿ ಏಟಿಗೂ ಪೊಲೀಸರ ಜೀಪು ಬಂತೆಂದೇ ಅನಿಸುತ್ತಿತ್ತು. ಆದರೆ ಹಿಂದಿನ ದಿನ ಹಾಲಿನ ಕ್ಯಾನುಗಳ ನಡುವೆ ಕಂಡ ಹೆದರಿಕೆಯ ಮುಂದೆ ಈ ಹೆದರಿಕೆ ಕೂಸು. ಸ್ವಲ್ಪ ಹೊತ್ತಿಗೆ ಕುರುಬರ ಹಿರಿಯ ತನ್ನ ಮನೆಯಿಂದ ಇನ್ನೊಂದು ಹಾರಿ ತಂದ. "ಸರಿ ತಂಗಿ ಅತ್ತಾಗ. ಕಾಂಕ್ರೀಟಿಗೆ ಹಂಗ ಹೊಡಿಯಂಗಿಲ್ಲ," ಎಂದ. ಬಳೆಗಾರ ಚಾಚಾನ ಮಗ ಸುತ್ತಿಗೆ ತಂದ. ಕುಂಬಾರಗ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಬಿಸಿಲು ಏರುವುದರೊಳಗೆ ಆ ಮೂಲೆ ಉರುಳಿ ಬಿತ್ತು. ಭಾವ ಬೆನ್ನು ತಿರುಗಿಸಿ ಮನೆಗೆ ಹೋದರು.

ಡೆಪೋದ ಸಾಹೇಬರು ಮಾತಿಗೆ ತಪ್ಪಲಿಲ್ಲ. ಬಸ್ಸು ಬಂತು, ಹೊರಳಿತು, ಬೇವಿನ ಕೆಳಗೆ ನಿಂತಿತು. ಅಂದು ಊಟದ ಪಾಳಿ ಯಾರದಿತ್ತೋ, ಡ್ರೈವರನ್ನು ನಾನೇ ಎಳೆದುಕೊಂಡು ಬಂದೆ.

ಆಮೇಲೆ ಸುದ್ದಿ ಬಂತು: ಶೆಡ್ಡಿನ ಕೊನೆಯ ತಪಾಸಣೆಗೆ ಇಂಜಿನಿಯರ್ ಸಾಹೇಬರು ಬರುತ್ತಾರೆ. ಕೇಳಿದರೆ ನಾನೇ ಒಡೆದೆ ಎನ್ನುತ್ತೇನೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ನಮ್ಮವರು ನಾನೇ ಎನ್ನುತ್ತೇನೆ ಎಂದರು. ಅದಕ್ಕೂ ಇಬ್ಬರೂ ಜಗಳಾಡಿದೆವು.

ಅವರು ಬರುವ ದಿನ ಬೆಳಿಗ್ಗೆ ಬಯಲಿಗೆ ಹೋಗಿ ನೋಡುತ್ತೇನೆ, ಉರುಳಿಬಿದ್ದ ಕಾಂಕ್ರೀಟಿನ ತುಂಡು ಬೇವಿನ ಬುಡಕ್ಕೆ ಒರಗಿ ನಿಂತಿದೆ. ಮೈತುಂಬ ಅರಿಸಿನದ ಭಂಡಾರ, ನಡುವೆ ಢಾಳಾಗಿ ಕುಂಕುಮ, ಮುಂದೆ ಒಡೆದ ಕಾಯಿ, ಊದಿನಕಡ್ಡಿ. ಮುರಿದ ಕಟ್ಟೆಯ ಅಂಚಿಗೂ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆದಿದ್ದರು. ಪಕ್ಕದಲ್ಲಿ ಭಾವ, ಹಣೆಗೆ ವಿಭೂತಿ, ಕೈಗೆಲ್ಲ ಅರಿಸಿನ. ನನ್ನ ಕಡೆ ನೋಡಲಿಲ್ಲ. "ಸುಮ್ನ ನಿಂದರು," ಎಂದಷ್ಟೇ ಅಂದರು.

ಜೀಪು ಬಂತು. ಸಾಹೇಬರು ಇಳಿದು ಶೆಡ್ಡಿನ ಸುತ್ತ ನಡೆದರು. ಮೂಲೆಯಿಲ್ಲದ ಕಡೆ ಬಂದು ನಿಂತರು. ಮಣ್ಣಿನಲ್ಲಿ ಗಾಲಿಯ ದುಂಡು ಗುರುತು ನೋಡಿದರು. ಬಟ್ಟೆ ಕಟ್ಟಿದ ನನ್ನ ಅಂಗೈ ನೋಡಿದರು, ಕಟ್ಟೆಯ ಮೇಲೆ ಕುಳಿತ ನಮ್ಮವರ ಬಾತ ಕಾಲು ನೋಡಿದರು. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಕಾಯುತ್ತಿದ್ದೆ.

ಅವರು ಬೇವಿನ ಬುಡದ ಕಡೆ ಕೈ ತೋರಿಸಿ, "ಹೇ ಕಾಯ?" ಎಂದರು. ಇದೇನು ಎಂದು.

"ದೇವರ್ರಿ ಸಾಹೇಬ್ರ," ಎಂದರು ಭಾವ.

ಭಂಡಾರದ ಕೆಳಗೆ ಕಬ್ಬಿಣದ ಸರಳಿನ ತುದಿ ಚೂರು ಇಣುಕುತ್ತಿತ್ತು. ಸಾಹೇಬರು ಅದನ್ನು ಕಂಡರು. ಅವರು ಕಟ್ಟಿಸಿದ್ದೇ ಅಲ್ಲವೇ, ಕಾಣದೆ ಇರುತ್ತದೆಯೇ? ಆಮೇಲೆ ಬಾಗಿ ಬೂಟು ಕಳಚಿದರು. ಕೈಮುಗಿದರು. ತಿರುಗಿ, ಭಾವನನ್ನಲ್ಲ, ನನ್ನನ್ನು ನೋಡಿ ಕೇಳಿದರು.

"ನವಸಾಲಾ ಪಾವತೋ ಕಾ?"

ಹರಕೆ ಹೊತ್ತರೆ ಒಲಿಯುತ್ತದೆಯೇ ಎಂದು. ನಮ್ಮವರು ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆಯೇ ನೋಡುತ್ತಿದ್ದರು.

"ಒಲಿತದ್ರಿ ಸಾಹೇಬ್ರ," ಎಂದೆ. "ವಾರದಾಗ ಮೂರು ಸಲ."